ಪಾಯಿಂಟ್, ಪೈಕಾ, ಮಿಲಿಮೀಟರ್: ಅಕ್ಷರಜೋಡಣೆಯ ಅಳತೆಗಳಿಗೆ ಒಂದು ಸ್ಪ್ರೆಡ್‌ಶೀಟ್

ಪಾಯಿಂಟ್ ಎಂಬುದು ಒಂದೇ ಅಳತೆಯಲ್ಲ. ಪಿಡಿಎಫ್‌ನಲ್ಲಿ, ವೆಬ್ ಪುಟಗಳ ವಿನ್ಯಾಸ ಹೇಳುವ ಸಿಎಸ್‌ಎಸ್‌ನಲ್ಲಿ, ಹೆಚ್ಚಿನ ಪುಟವಿನ್ಯಾಸ ತಂತ್ರಾಂಶಗಳಲ್ಲಿ ಅದು ಇಂಚಿನ 72ನೇ ಒಂದು ಭಾಗ. ಅಕ್ಷರಜೋಡಣೆಯ ತಂತ್ರಾಂಶಗಳಾದ ಟೆಕ್ ಮತ್ತು ಲೇಟೆಕ್‌ನಲ್ಲಿ ಒಂದು ಇಂಚಿಗೆ 72.27 ಪಾಯಿಂಟ್. ಯುರೋಪಿನ ಹಳೆಯ ಅಚ್ಚುಕೂಟದ ಲೆಕ್ಕ ಹಿಡಿದರೆ ಡಿಡೋ ಪಾಯಿಂಟ್, ಸುಮಾರು 0.376 ಮಿಮೀ. ಮೊದಲೆರಡರ ನಡುವಿನ ಅಂತರ ಶೇ 0.375 ಮಾತ್ರ. ಒಂದು ಅಕ್ಷರದಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ, ಪುಟದ ಉದ್ದಕ್ಕೆ ಅರ್ಧ ಮಿಲಿಮೀಟರ್ ದಾಟುತ್ತದೆ. ಒಳಪುಟ ಒಂದು ತಂತ್ರಾಂಶದಲ್ಲಿ, ಚಿತ್ರಪುಟ ಇನ್ನೊಂದರಲ್ಲಿ ತಯಾರಾದಾಗ ಸಾಲಿಗೆ ಸಾಲು ಕೂಡದಿರುವುದಕ್ಕೆ ಬಹುಪಾಲು ಇದೇ ಕಾರಣ.

ಗುಣಿಸಿ ಭಾಗಿಸುವ ಕೆಲಸಕ್ಕೆ ಕ್ಯಾಲ್ಕುಲೇಟರೇ ಸಾಕು. ಶೀಟ್ ಬೇಕಾಗುವುದು ಬೇರೆ ಎರಡು ಕೆಲಸಗಳಿಗೆ. ಯಾವ ಪಾಯಿಂಟ್ ಎಂದು ಪ್ರತಿ ಸಲವೂ ಹೆಸರು ಹಿಡಿದು ಹೇಳಿಸಬೇಕು. ಉತ್ತರ ಯಾವ ತಂತ್ರಾಂಶಕ್ಕೆ ಹೋಗುತ್ತದೋ ಅದು ದಶಮಾಂಶವನ್ನು ಹೇಗೆ ಕತ್ತರಿಸಿಕೊಳ್ಳುತ್ತದೋ ಹಾಗೆಯೇ, ಒಂದೇ ಒಂದು ಸಲ, ಕೊನೆಯಲ್ಲಿ ಕತ್ತರಿಸಬೇಕು.

ಕೆಳಗಿನ ಸೂತ್ರಗಳಲ್ಲಿ ಫಂಕ್ಷನ್ ಹೆಸರು, ಸೆಲ್ ಹೆಸರು, ಉದ್ಧರಣ ಚಿಹ್ನೆಯೊಳಗಿನ ಪಿ, ಪಿಟಿ ಇವನ್ನೆಲ್ಲ ಕನ್ನಡದಲ್ಲೇ ಬರೆದಿದೆ. ಶೀಟಿನಲ್ಲಿ ಟೈಪ್ ಮಾಡುವಾಗ ಅವು ರೋಮನ್ ಅಕ್ಷರದಲ್ಲಿರಬೇಕು: ಎ2 ಎಂದರೆ ಮೊದಲ ಕಾಲಂ, ಎರಡನೇ ಸಾಲು. ಎಕ್ಸೆಲ್, ಲಿಬ್ರೆಆಫೀಸ್ ಕ್ಯಾಲ್ಕ್ ಎರಡರಲ್ಲೂ ಈ ಸೂತ್ರಗಳು ನಡೆಯುತ್ತವೆ. ದಶಮಾಂಶಕ್ಕೆ ಅಲ್ಪವಿರಾಮ ಬಳಸುವ ಭಾಷಾ ಸೆಟ್ಟಿಂಗ್ ಇದ್ದರೆ ಫಂಕ್ಷನ್ ಒಳಗಿನ ಅಲ್ಪವಿರಾಮದ ಜಾಗದಲ್ಲಿ ಅರ್ಧವಿರಾಮ ಹಾಕಬೇಕು.

ಮೊದಲ ಶೀಟ್: ಏಕಕಗಳ ಪಟ್ಟಿ

ಇಲ್ಲಿ ಎಲ್ಲರೂ ಮಾಡುವುದು ಒಂದು ಪಾಯಿಂಟ್‌ಗೆ ಇಷ್ಟು ಮಿಮೀ ಎಂದು 0.3528, 0.3515 ಹೀಗೆ ದಶಮಾಂಶ ತುಂಬುವುದು. ಅದು ಬೇಡ. 0.3528ರಿಂದ ಗುಣಿಸಿದರೆ ಎ4 ಹಾಳೆಯ 841.89 ಪಾಯಿಂಟ್ ಎತ್ತರ 297.019 ಮಿಮೀ ಆಗುತ್ತದೆ. 0.35 ಎಂದು ಇನ್ನಷ್ಟು ಮೊಟಕು ಮಾಡಿದರೆ 294.66, ಅಂದರೆ 2 ಮಿಮೀಗೂ ಹೆಚ್ಚು ಕೊರತೆ. ಇಂಚು 25.4 ಮಿಮೀ ಎಂಬುದು ವ್ಯಾಖ್ಯೆಯೇ ಆದ್ದರಿಂದ ಈ ಏಕಕಗಳೆಲ್ಲ ಒಂದಕ್ಕೊಂದು ನಿಖರ ಭಿನ್ನರಾಶಿಗಳು. ಹಾಗಾಗಿ ಅಂಶ ಮತ್ತು ಛೇದವನ್ನು ಎರಡು ಕಾಲಂಗಳಲ್ಲಿ ಪೂರ್ಣಾಂಕವಾಗಿಯೇ ಇಡಬೇಕು. ಬುನಾದಿ ಏಕಕ ಟೆಕ್ ಪಾಯಿಂಟ್. ಟೆಕ್ ತನ್ನೊಳಗೆ ಬಳಸುವ ಭಿನ್ನರಾಶಿಗಳು ಇವೇ ಆಗಿರುವುದರಿಂದ ಮುಂದಿನ ಹೆಜ್ಜೆಯಲ್ಲಿ ಲಾಭ ಸಿಗುತ್ತದೆ.

| ಹೆಸರು | ಅಂಶ | ಛೇದ | ಏನು |
|---|---|---|---|
| ಪಿಟಿ | 1 | 1 | ಟೆಕ್ ಪಾಯಿಂಟ್ |
| ಪಿಸಿ | 12 | 1 | ಟೆಕ್ ಪೈಕಾ, 12 ಪಿಟಿ |
| ಬಿಪಿ | 7227 | 7200 | ಪೋಸ್ಟ್‌ಸ್ಕ್ರಿಪ್ಟ್ ಪಾಯಿಂಟ್, ಇಂಚಿನ 72ನೇ ಒಂದು ಭಾಗ |
| ಇಂಚು | 7227 | 100 | |
| ಸೆಂಮೀ | 7227 | 254 | |
| ಮಿಮೀ | 7227 | 2540 | |
| ಡಿಡಿ | 1238 | 1157 | ಡಿಡೋ ಪಾಯಿಂಟ್ |
| ಸಿಸಿ | 14856 | 1157 | ಸಿಸೆರೋ, 12 ಡಿಡಿ |
| ಎನ್‌ಡಿ | 685 | 642 | ಹೊಸ ಡಿಡೋ, 0.375 ಮಿಮೀ |
| ಎಸ್‌ಪಿ | 1 | 65536 | ಟೆಕ್‌ನ ಅತಿಸಣ್ಣ ಏಕಕ |
| ಪಿಎಕ್ಸ್ | 7227 | 9600 | ಸಿಎಸ್‌ಎಸ್ ಪಿಕ್ಸೆಲ್ |
| ಕ್ಯೂ | 7227 | 10160 | ಕಾಲು ಮಿಮೀ |
| ಟ್ವಿಪ್ | 7227 | 144000 | ಬಿಪಿಯ 20ನೇ ಒಂದು ಭಾಗ |
| ಇಎಂಯು | 7227 | 91440000 | ಆಫೀಸ್ ಕಡತಗಳ ಏಕಕ |

ಮೊದಲ ಮೂರು ಕಾಲಂಗಳಿಗೆ ಹೆಸರು ಕೊಡಿ: ಹೆಸರು, ಅಂಶ, ಛೇದ. ಪಟ್ಟಿಯಲ್ಲಿ ಬರೇ 'ಪಾಯಿಂಟ್' ಎಂಬ ಸಾಲು ಇರಕೂಡದು. ಅದು ಇದ್ದರೆ ಯಾರಾದರೂ ಅದನ್ನೇ ಆರಿಸುತ್ತಾರೆ.

ಎಕ್ಸೆಲ್‌ನಲ್ಲಿ ಕನ್ವರ್ಟ್ ಎಂಬ ಫಂಕ್ಷನ್ ಇದೆಯಲ್ಲ ಎಂದು ಕೇಳಬಹುದು. ಅದಕ್ಕೆ ಟೆಕ್ ಪಾಯಿಂಟೂ ಗೊತ್ತಿಲ್ಲ, ಡಿಡೋನೂ ಗೊತ್ತಿಲ್ಲ. ಗೊತ್ತಿರುವ ಪೈಕಾದಲ್ಲೂ ಒಂದು ಗುಂಡಿ ತೋಡಿಟ್ಟಿದ್ದಾರೆ: ಪೈಕಾ ಎಂಬ ಏಕಕದ ಹೆಸರನ್ನು ಕ್ಯಾಪಿಟಲ್ ಅಕ್ಷರದಿಂದ ಶುರುಮಾಡಿದರೆ ಇಂಚಿನ 72ನೇ ಒಂದು ಭಾಗ, ಸ್ಮಾಲ್ ಅಕ್ಷರದಿಂದ ಶುರುಮಾಡಿದರೆ 6ನೇ ಒಂದು ಭಾಗ. ಒಂದು ಶಿಫ್ಟ್ ಕೀ ಒತ್ತಿದ್ದಕ್ಕೆ ಹನ್ನೆರಡು ಪಟ್ಟು ವ್ಯತ್ಯಾಸ, ಎರರ್ ಮಾತ್ರ ಬರುವುದಿಲ್ಲ.

ಎರಡನೇ ಶೀಟ್: ಪರಿವರ್ತನೆ

ಎ ಕಾಲಂನಲ್ಲಿ ಅಂಕಿ, ಬಿಯಲ್ಲಿ ಯಾವ ಏಕಕದಿಂದ, ಸಿಯಲ್ಲಿ ಯಾವ ಏಕಕಕ್ಕೆ. ಬಿ ಮತ್ತು ಸಿ ಎರಡಕ್ಕೂ ಡೇಟಾ ವ್ಯಾಲಿಡೇಶನ್ ಹಾಕಿ, ಪಟ್ಟಿಯಿಂದಲೇ ಆರಿಸುವಂತೆ ಮಾಡಿ. ಡಿ ಮತ್ತು ಇ ಸಹಾಯಕ ಕಾಲಂಗಳು:

ಡಿ2: =ಮ್ಯಾಚ್(ಬಿ2, ಹೆಸರು, 0)
ಇ2: =ಮ್ಯಾಚ್(ಸಿ2, ಹೆಸರು, 0)
ಎಫ್2: =ಎ2*ಇಂಡೆಕ್ಸ್(ಅಂಶ, ಡಿ2)*ಇಂಡೆಕ್ಸ್(ಛೇದ, ಇ2) / (ಇಂಡೆಕ್ಸ್(ಛೇದ, ಡಿ2)*ಇಂಡೆಕ್ಸ್(ಅಂಶ, ಇ2))

ಮ್ಯಾಚ್‌ನ ಕೊನೆಯ ಸೊನ್ನೆಯನ್ನು ಬಿಡಬಾರದು. ಅದಿಲ್ಲದಿದ್ದರೆ ಪಟ್ಟಿ ಅಕಾರಾದಿ ಕ್ರಮದಲ್ಲಿದೆ ಎಂದು ಭಾವಿಸಿ ಹತ್ತಿರದ ಯಾವುದೋ ಸಾಲನ್ನು ಹಿಡಿಯುತ್ತದೆ. ಉತ್ತರ ಬರುತ್ತದೆ, ತಪ್ಪಾಗಿರುತ್ತದೆ. ವಿಲುಕಪ್‌ಗೂ ಇದೇ ಚಾಳಿ. ಎಫ್2ರಲ್ಲಿ ಮೊದಲು ಪೂರ್ತಿ ಗುಣಿಸಿ ಆಮೇಲೆ ಒಂದೇ ಸಲ ಭಾಗಿಸಿರುವುದನ್ನು ಗಮನಿಸಿ. ನಡುನಡುವೆ ಭಾಗಿಸಿದರೆ ಬೈನರಿ ದಶಮಾಂಶದ ಚೂರುಗಳು ಸೇರಿಕೊಂಡು, 720 ಬರಬೇಕಾದಲ್ಲಿ 719.9999999 ಬಂದು ಕೂರಬಹುದು. ಅದರ ಮೇಲೆ ಇಂಟ್ ಓಡಿಸಿದರೆ ಒಂದು ಪೂರ್ತಿ ಅಂಕಿ ಹೋಯಿತು.

ಸೆಲ್ ಫಾರ್ಮ್ಯಾಟ್‌ನಲ್ಲಿ ಮೂರು ದಶಮಾಂಶ ತೋರಿಸುವುದು ಬೇರೆ, ಬೆಲೆಯನ್ನೇ ಕತ್ತರಿಸುವುದು ಬೇರೆ. ತೋರಿಸಿದಷ್ಟೇ ನಿಖರತೆ ಇಟ್ಟುಕೋ ಎಂಬ ಆಯ್ಕೆ ಎರಡೂ ತಂತ್ರಾಂಶಗಳಲ್ಲಿದೆ. ಅದನ್ನು ಆನ್ ಮಾಡಬಾರದು. ಟೈಪ್ ಮಾಡಿಟ್ಟ ಅಂಕಿಗಳ ಉಳಿದ ಸ್ಥಾನಗಳು ಮರಳಿ ಬಾರದಂತೆ ಅಳಿಸಿಹೋಗುತ್ತವೆ.

ಶೀಟ್ ಸರಿಯಿದೆಯೇ ಎಂದು ನೋಡಲು ಕೆಲವು ಸಾಲು ಖಾಯಂ ಆಗಿ ಇಟ್ಟಿರಿ. 254 ಮಿಮೀ ಸರಿಯಾಗಿ 720 ಬಿಪಿ ಆಗಬೇಕು. 1157 ಡಿಡಿ ಸರಿಯಾಗಿ 1238 ಪಿಟಿ. 10 ಡಿಡಿ ಅಕ್ಷರ 10.660 ಬಿಪಿ. 1 ಸಿಸಿ 4.513 ಮಿಮೀ. 210 ಮಿಮೀ ಅಂದರೆ 595.276 ಬಿಪಿ ಅಥವಾ 597.508 ಪಿಟಿ, ಜೊತೆಗೆ 75,60,000 ಇಎಂಯು. ಒಂದು ಮಿಮೀಗೆ ಸರಿಯಾಗಿ 36,000, ಒಂದು ಬಿಪಿಗೆ 12,700 ಎಂದು ಮೆಟ್ರಿಕ್‌ಗೂ ಪಾಯಿಂಟ್‌ಗೂ ಪೂರ್ಣಾಂಕದಲ್ಲೇ ಹೊಂದುವ ಏಕಕ ಇಎಂಯು. ಪಟ್ಟಿಯಲ್ಲಿ ಅತ್ಯಂತ ಜಾಣತನದಿಂದ ಆರಿಸಿದ ಅಳತೆ ಅದೇ. 83 ಪಿಸಿ ಹಾಕಿದರೆ 350 ಮಿಮೀ ಬರಬೇಕಲ್ಲ, 350.054 ಬರುತ್ತದಲ್ಲ ಎಂದು ಹಳೆಯ ಪುಸ್ತಕ ಓದಿದವರು ಕೇಳಿಯಾರು. ಅಮೆರಿಕದ ಅಚ್ಚುಮೊಳೆ ತಯಾರಕರು 1886ರಲ್ಲಿ ಒಪ್ಪಿಕೊಂಡ ಪೈಕಾದ ಲೆಕ್ಕ 83ಕ್ಕೆ 35 ಸೆಂಮೀ. ಟೆಕ್‌ನ 72.27 ಅದಕ್ಕೆ ತೀರ ಹತ್ತಿರ, ಆದರೆ ಅದೇ ಅಲ್ಲ. ಶೀಟ್ ಸರಿಯಾಗಿಯೇ ಇದೆ.

ಟೆಕ್ ಕತ್ತರಿಸುವ ರೀತಿ

ಟೆಕ್ ಎಲ್ಲ ಉದ್ದವನ್ನೂ ಎಸ್‌ಪಿಯ ಪೂರ್ಣಾಂಕವಾಗಿ ಇಟ್ಟುಕೊಳ್ಳುತ್ತದೆ. 65536 ಎಸ್‌ಪಿ ಸೇರಿ ಒಂದು ಪಿಟಿ. ಕೊಟ್ಟ ಅಳತೆಯನ್ನು ಎರಡು ಹಂತದಲ್ಲಿ ಒಳಗೆ ತೆಗೆದುಕೊಳ್ಳುತ್ತದೆ. ಅಂಕಿಯ ದಶಮಾಂಶ ಭಾಗವನ್ನು ಮೊದಲು 65536ರ ಛೇದಕ್ಕೆ ಸಮೀಪಿಸುತ್ತದೆ. ಆಮೇಲೆ ಏಕಕದ ಭಿನ್ನರಾಶಿಯಿಂದ ಗುಣಿಸಿ, ಉಳಿದದ್ದನ್ನು ಸಮೀಪಿಸದೆ ಕತ್ತರಿಸಿಬಿಡುತ್ತದೆ. ಇದೇ ಕೆಲಸವನ್ನು ಶೀಟ್‌ನಲ್ಲಿ ಮಾಡುವ ಸೂತ್ರ:

ಜಿ2: =ಕ್ವೋಷೆಂಟ್(ರೌಂಡ್(ಎ2*65536, 0)*ಇಂಡೆಕ್ಸ್(ಅಂಶ, ಡಿ2), ಇಂಡೆಕ್ಸ್(ಛೇದ, ಡಿ2))

ಇಂಟ್ ಬದಲು ಕ್ವೋಷೆಂಟ್ ಹಾಕಿರುವುದಕ್ಕೆ ಕಾರಣ ಋಣ ಅಳತೆ. ಇಂಟ್ ಸೊನ್ನೆಯಿಂದ ಆಚೆಗೆ ಇಳಿಯುತ್ತದೆ, ಟೆಕ್ ಸೊನ್ನೆಯ ಕಡೆಗೆ ಕತ್ತರಿಸುತ್ತದೆ. ಈ ಕಾಲಂ ಟೆಕ್‌ಗೆ ಗೊತ್ತಿರುವ ಏಕಕಗಳಿಗೆ ಮಾತ್ರ. ಟ್ವಿಪ್, ಇಎಂಯು ಏನಾದರೂ ಇದ್ದರೆ ಮೊದಲು ಬಿಪಿಗೆ ತಿರುಗಿಸಿಕೊಳ್ಳಿ. ಪಿಎಕ್ಸ್ ವಿಷಯದಲ್ಲಂತೂ ಎಚ್ಚರ: ಪಿಡಿಎಫ್‌ಟೆಕ್‌ಗೂ ಅದೇ ಹೆಸರಿನ ಏಕಕ ಇದೆ, ಆದರೆ ಅಲ್ಲಿ ಅದರ ಮೂಲ ಬೆಲೆ 1 ಬಿಪಿ.

ಸೂತ್ರ ಸರಿಯಿದ್ದರೆ 1 ಇಂಚಿಗೆ 47,36,286 ಎಸ್‌ಪಿ ಬರಬೇಕು. ಟೆಕ್ ಅದನ್ನು 72.27 ಎನ್ನದೆ 72.26999 ಎಂದು ತೋರಿಸುವುದು ಇದರಿಂದಲೇ. 297 ಮಿಮೀ 845.04684 ಪಿಟಿ, ನಿಜವಾದ ಬೆಲೆ 845.04685. 1 ಸಿಸಿ 8,41,489 ಎಸ್‌ಪಿ.

ಇನ್ನು ಒಂದು ಇಂಚನ್ನೇ ಮೂರು ರೀತಿ ಬರೆದು ನೋಡಿ. 1 ಇಂಚು 47,36,286. 25.4 ಮಿಮೀ 47,36,285. 2.54 ಸೆಂಮೀ 47,36,274. ಕೊನೆಯದರಲ್ಲಿ 12 ಎಸ್‌ಪಿ ಕಡಿಮೆ, ಏಕೆಂದರೆ 0.54ನ್ನು 65536ರ ಛೇದಕ್ಕೆ ತರುವಾಗ ಉಳಿದ ಚೂರು 28 ಪಟ್ಟು ಹಿಗ್ಗುತ್ತದೆ. ದೊಡ್ಡ ಏಕಕದಲ್ಲಿ ದಶಮಾಂಶ ಕೊಟ್ಟಷ್ಟೂ ನಷ್ಟ ಹೆಚ್ಚು. 12 ಎಸ್‌ಪಿ ಅಂದರೆ 0.00018 ಪಿಟಿ, ಯಾವ ಮುದ್ರಣಯಂತ್ರಕ್ಕೂ ಎಟುಕದ ಅಳತೆ. ಆದರೆ ಟೆಕ್ ಅಳತೆಗಳನ್ನು ಹೋಲಿಸುವಾಗ ಒಂದು ಎಸ್‌ಪಿಯನ್ನೂ ಬಿಡುವುದಿಲ್ಲ. ಅದರ ಪರಿಣಾಮ ಪುಟದ ಎತ್ತರದಲ್ಲಿ ಕಾಣಿಸುತ್ತದೆ.

ಮೂರನೇ ಶೀಟ್: ಪುಟದ ಸಾಲುಗಳು

ಎ5 ಪುಟ, 210 ಮಿಮೀ ಎತ್ತರ. ಮೇಲಂಚು 18, ಕೆಳಂಚು ಕನಿಷ್ಠ 22 ಮಿಮೀ. ಅಕ್ಷರ 10.5 ಬಿಪಿ, ಲೆಡಿಂಗ್ ಅಂದರೆ ಸಾಲಿನಿಂದ ಸಾಲಿಗೆ ಅಂತರ 14 ಬಿಪಿ. ಸಿಗುವ ಎತ್ತರ 170 ಮಿಮೀ, ಅಂದರೆ 481.890 ಬಿಪಿ. ಮೊದಲ ಸಾಲಿನ ಬೇಸ್‌ಲೈನ್, ಅಂದರೆ ಅಕ್ಷರಗಳು ಕೂರುವ ಗೆರೆ, ಪಠ್ಯದ ಮೇಲ್ತುದಿಯಿಂದ 10.5 ಬಿಪಿ ಕೆಳಗೆ ಕೂರಲಿ. ಟೆಕ್‌ನಲ್ಲಿ ಇದು ಟಾಪ್‌ಸ್ಕಿಪ್. ಎ2ರಲ್ಲಿ ಎತ್ತರ, ಬಿ2ರಲ್ಲಿ ಟಾಪ್‌ಸ್ಕಿಪ್, ಸಿ2ರಲ್ಲಿ ಲೆಡಿಂಗ್ ಇದ್ದರೆ:

ಸಾಲುಗಳು, ಡಿ2: =ಇಂಟ್((ಎ2-ಬಿ2)/ಸಿ2)+1
ಪಠ್ಯದ ಎತ್ತರ, ಇ2: =(ಡಿ2-1)*ಸಿ2+ಬಿ2

34 ಸಾಲು, 472.5 ಬಿಪಿ, ಅಂದರೆ 166.6875 ಮಿಮೀ. ಮಿಕ್ಕ 3.3125 ಮಿಮೀ ಕೆಳಂಚಿಗೆ ಸೇರಿಸಿ. ಸಾಲಿನ ಸಂಖ್ಯೆಯನ್ನೇ ಲೆಡಿಂಗ್‌ನಿಂದ ಗುಣಿಸಿದರೆ 476 ಬರುತ್ತದೆ. ಟಾಪ್‌ಸ್ಕಿಪ್ ಮರೆತವರ ಶೀಟ್ ಗುರುತಿಸಲು ಇದೇ ಸುಲಭದ ದಾರಿ. ಇದೇ ಅಂಕಿಗಳನ್ನು ಬಿಪಿ ಬದಲು ಪಿಟಿ ಎಂದು ಟೆಕ್‌ಗೆ ಕೊಟ್ಟರೆ ಪಠ್ಯ 166.065 ಮಿಮೀಗೆ ಕುಗ್ಗುತ್ತದೆ. 0.62 ಮಿಮೀ ವ್ಯತ್ಯಾಸ: ತೆಳು ಕಾಗದದಲ್ಲಿ ಹಿಂಬದಿಯ ಸಾಲು ಇಣುಕಲು ಅಷ್ಟು ಧಾರಾಳ ಸಾಕು.

ಈಗ 166.6875ನ್ನು ಯಾರೋ ಅಂದವಾಗಿ 166.68 ಮಿಮೀ ಎಂದು ಬರೆದರು ಅನ್ನಿ. ಪುಟ 0.021 ಪಿಟಿ ಗಿಡ್ಡವಾಯಿತು, ಕೊನೆಯ ಸಾಲಿಗೆ ಜಾಗವಿಲ್ಲ, ಪ್ರತಿ ಪುಟದಲ್ಲೂ 33 ಸಾಲು. 166.69 ಎಂದು ಬರೆದರೆ 34 ಸಾಲು ಹಿಡಿಯುತ್ತದೆ, ಆದರೆ ಮಿಕ್ಕ ಕೂದಲೆಳೆಯನ್ನು ತುಂಬಲು ಹಿಗ್ಗುವ ಜಾಗ ಪುಟದಲ್ಲಿ ಇಲ್ಲದಾಗ, ಪುಟದ ತಳ ಸಮ ಮಾಡುವ ಸೆಟ್ಟಿಂಗ್‌ನಲ್ಲಿ, ಅಂಡರ್‌ಫುಲ್ ವಿಬಾಕ್ಸ್ (ಪುಟ ತುಂಬಲಿಲ್ಲ) ಎಂಬ ಎಚ್ಚರಿಕೆ, ಬ್ಯಾಡ್‌ನೆಸ್ 10000. 472.5 ಬಿಪಿ ಎಂದೇ ಬರೆದರೂ ಎಚ್ಚರಿಕೆ ತಪ್ಪುವುದಿಲ್ಲ. 14 ಬಿಪಿ ಒಳಗೆ 9,20,944 ಎಸ್‌ಪಿ, 10.5 ಬಿಪಿ 6,90,708 ಎಸ್‌ಪಿ. 33 ಸಲ ಮೊದಲನೆಯದು, ಒಂದು ಸಲ ಎರಡನೆಯದು ಕೂಡಿದರೆ 3,10,81,860. ನೇರವಾಗಿ 472.5 ಬಿಪಿ ತಿರುಗಿಸಿದರೆ 3,10,81,881. ಕತ್ತರಿಸುವುದು 34 ಸಲ ನಡೆದದ್ದಕ್ಕೂ ಒಂದು ಸಲ ನಡೆದದ್ದಕ್ಕೂ ನಡುವಿನ 21 ಎಸ್‌ಪಿಯೇ ಆ ಎಚ್ಚರಿಕೆಗೆ ಸಾಕು.

ಹಾಗಾಗಿ ಟೆಕ್‌ಗೆ ಹೋಗುವ ಎತ್ತರವನ್ನು, ಎರಡನೇ ಶೀಟಿನ ಜಿ ಕಾಲಂ ಕೊಟ್ಟ ಬೆಲೆಗಳನ್ನು ಕೂಡಿ ಬಂದ ಎಸ್‌ಪಿಯಲ್ಲೇ ಕೊಡಬೇಕು:

ಎಫ್2: =(ಡಿ2-1)*ಲೆಡಿಂಗ್_ಎಸ್‌ಪಿ + ಟಾಪ್‌ಸ್ಕಿಪ್_ಎಸ್‌ಪಿ

ಇದು ಪಿಟಿಯಲ್ಲಿ 474.27155. ಐದು ದಶಮಾಂಶ ಇಟ್ಟು ಪಿಟಿ ಏಕಕದಲ್ಲಿ ಕೊಟ್ಟರೆ ಟೆಕ್ ಅದೇ ಎಸ್‌ಪಿಗೆ ಮರಳುತ್ತದೆ, ನಾಲ್ಕಕ್ಕೆ ಇಳಿಸಿದರೆ ಖಾತ್ರಿಯಿಲ್ಲ. ಎಫ್2 107,37,41,823 ದಾಟಿದರೆ ಕೆಂಪು ಬಣ್ಣ ಬರುವಂತೆ ಕಂಡೀಶನಲ್ ಫಾರ್ಮ್ಯಾಟ್ ಹಾಕಬಹುದು. ಅದು ಟೆಕ್‌ನ ಗರಿಷ್ಠ ಅಳತೆ, ಸುಮಾರು 5.76 ಮೀಟರ್. ಪುಸ್ತಕಕ್ಕೆ ಅಡ್ಡಿ ಬಾರದು, ಬ್ಯಾನರ್ ಮಾಡುವವರಿಗೆ ಬಂದೀತು.

ಕನ್ನಡ ಪಠ್ಯಕ್ಕೆ ಇನ್ನೊಂದು ಮಾತು ಸೇರಿಸಬೇಕು. ಮೇಲಿನ ಸಾಲಿನ ಒತ್ತಕ್ಷರದ ಬಾಲವೂ ಕೆಳಗಿನ ಸಾಲಿನ ಗುಣಿತದ ತಲೆಯೂ ಮುಟ್ಟಿಕೊಳ್ಳುವಷ್ಟು ಲೆಡಿಂಗ್ ಕಡಿಮೆಯಿದ್ದರೆ ಟೆಕ್ ಅಲ್ಲಿ ತಾನಾಗಿ ಲೈನ್‌ಸ್ಕಿಪ್ ಎಂಬ ಹೆಚ್ಚುವರಿ ಜಾಗ ಸೇರಿಸುತ್ತದೆ. ಆ ಒಂದು ಸಾಲು ಕೆಳಗೆ ಜರುಗಿದರೆ ಪುಟದ ಲೆಕ್ಕವೆಲ್ಲ ಜರುಗಿದ ಹಾಗೆ. ಶೀಟಿನಲ್ಲಿ 34, ಅಚ್ಚಿನಲ್ಲಿ 33 ಎಂದಾದರೆ ಮೊದಲು ಇದನ್ನು ನೋಡಿ. ಆ ಜಾಗ ಯಾವಾಗ ಸೇರಬೇಕೆಂದು ನಿರ್ಧರಿಸುವ ಲೈನ್‌ಸ್ಕಿಪ್‌ಲಿಮಿಟ್‌ಗೆ ದೊಡ್ಡ ಋಣಬೆಲೆ ಕೊಟ್ಟರೆ ಸಾಲು ಜರುಗುವುದಿಲ್ಲ, ಆದರೆ ಮುಟ್ಟುವ ಅಕ್ಷರ ಮುಟ್ಟಿಯೇ ಇರುತ್ತದೆ. ಲೆಡಿಂಗ್ ಹೆಚ್ಚಿಸುವುದೇ ಸರಿಯಾದ ಮದ್ದು.

ಉಳಿದ ತಂತ್ರಾಂಶಗಳಿಗೆ

ವರ್ಡ್ ಕಡತದಲ್ಲಿ ಅಕ್ಷರಗಾತ್ರ ಅರ್ಧ ಪಾಯಿಂಟಿನ ಲೆಕ್ಕದಲ್ಲಿ, ಸಾಲಂತರ ಟ್ವಿಪ್‌ನ ಲೆಕ್ಕದಲ್ಲಿ ಉಳಿಯುತ್ತದೆ. ಗಾತ್ರಕ್ಕೆ =ರೌಂಡ್(ಎ2*2, 0)/2, ಸಾಲಂತರಕ್ಕೆ =ರೌಂಡ್(ಎ2*20, 0)/20. ಎಂರೌಂಡ್‌ಗೆ 0.05 ಕೊಡುವ ಅಡ್ಡದಾರಿ ಬೇಡ, 0.05 ಬೈನರಿಯಲ್ಲಿ ನಿಖರವಾಗಿ ಕೂರುವುದಿಲ್ಲ, ಸರಿಮಧ್ಯದ ಅಂಕಿಗಳಲ್ಲಿ ಒಮ್ಮೆ ಮೇಲಕ್ಕೆ ಒಮ್ಮೆ ಕೆಳಕ್ಕೆ ವಾಲುತ್ತದೆ. ಪರೀಕ್ಷೆಗೆ ಎ4: 210 ಮಿಮೀ 11905.5 ಟ್ವಿಪ್, ವರ್ಡ್ ಬರೆದುಕೊಳ್ಳುವುದು 11906.

ಟ್ರ್ಯಾಕಿಂಗ್, ಅಂದರೆ ಅಕ್ಷರಗಳ ನಡುವೆ ಸೇರಿಸುವ ಅಂತರ, ಪುಟವಿನ್ಯಾಸ ತಂತ್ರಾಂಶ ಇನ್‌ಡಿಸೈನ್‌ನಲ್ಲಿ ಎಮ್‌ನ (ಅಕ್ಷರಗಾತ್ರದಷ್ಟೇ ಅಗಲ) ಸಾವಿರದ ಒಂದು ಭಾಗದಲ್ಲಿ, ವರ್ಡ್‌ನಲ್ಲಿ ಪಾಯಿಂಟ್‌ನಲ್ಲಿ. ಗಾತ್ರದಿಂದ ಗುಣಿಸಿ 1000ದಿಂದ ಭಾಗಿಸಿದರೆ ಮುಗಿಯಿತು: 10.5 ಬಿಪಿಗೆ 25 ಅಂದರೆ 0.2625 ಬಿಪಿ, ವರ್ಡ್‌ಗೆ 0.25.

ಪೈಕಾ ಬರವಣಿಗೆ ಸ್ವಲ್ಪ ಕಾಟ ಕೊಡುತ್ತದೆ. 3 ಪೈಕಾ 6 ಪಾಯಿಂಟನ್ನು ಇನ್‌ಡಿಸೈನ್ '3ಪಿ6' ಎಂದು ಬರೆಯುತ್ತದೆ. ಶೀಟಿಗೆ ಅದು ಬರೇ ಪಠ್ಯ. ನಡುವೆ ಅಡ್ಡಗೆರೆ ಹಾಕಿ 3-6 ಎಂದರೆ ಶೀಟ್ ಅದನ್ನು ತಾರೀಖು ಮಾಡಿಬಿಡುತ್ತದೆ. ಬಿಡಿಸುವ ಸೂತ್ರ:

=ವ್ಯಾಲ್ಯೂ("0"&ಲೆಫ್ಟ್(ಎ2, ಸರ್ಚ್("ಪಿ", ಎ2)-1))*12 + ವ್ಯಾಲ್ಯೂ("0"&ಮಿಡ್(ಎ2, ಸರ್ಚ್("ಪಿ", ಎ2)+1, 9))

ಮುಂದೆ ಅಂಟಿಸಿದ ಸೊನ್ನೆ 'ಪಿ6', '12ಪಿ' ಇಂಥ ಅರ್ಧ ಬರವಣಿಗೆಗಳಲ್ಲಿ ಎರರ್ ಬರದಂತೆ ತಡೆಯುತ್ತದೆ. ಋಣ ಅಳತೆಗೆ ಮಾತ್ರ ಇದು ನಡೆಯದು, ಅದನ್ನು ನೇರ ಪಾಯಿಂಟ್‌ನಲ್ಲಿ ಕೊಡಿ. ಮರಳಿ ಪೈಕಾ ಮಾಡುವಾಗ ಮೊದಲು =ರೌಂಡ್(ಎ2, 3) ಮಾಡಿದ ಸೆಲ್ ಒಂದನ್ನು ಇಟ್ಟುಕೊಂಡು, ಅದರ ಮೇಲೆ ಕ್ವೋಷೆಂಟ್ ಮತ್ತು ಮಾಡ್ ನಡೆಸಿ, ಮಾಡ್‌ನ ಉತ್ತರವನ್ನೂ ಮೂರು ದಶಮಾಂಶಕ್ಕೆ ತನ್ನಿ. ಮೊದಲ ರೌಂಡ್ ಬಿಟ್ಟರೆ 47.9999 ಪಾಯಿಂಟ್ '3ಪಿ12' ಆಗಿ ಹೊರಬರುತ್ತದೆ.

ಹಳೆಯ ಎಸ್‌ವಿಜಿ ಚಿತ್ರಗಳನ್ನು ಸೇರಿಸುವವರು ಪಟ್ಟಿಗೆ ಇನ್ನೊಂದು ಪಿಕ್ಸೆಲ್ ಸಾಲು ಹಾಕಿಕೊಳ್ಳಿ: ಅಂಶ 7227, ಛೇದ 9000. ಎಸ್‌ವಿಜಿ ಚಿತ್ರ ಬಿಡಿಸುವ ಇಂಕ್‌ಸ್ಕೇಪ್ 0.92ಕ್ಕೆ ಮೊದಲು ಇಂಚಿಗೆ 90 ಪಿಕ್ಸೆಲ್ ಎಂದು ಎಣಿಸುತ್ತಿತ್ತು, ಆ ಆವೃತ್ತಿಯಿಂದ 96. ಬಿಟ್‌ಮ್ಯಾಪ್ ಚಿತ್ರಕ್ಕೆ ಬೇಕಾದ ಪಿಕ್ಸೆಲ್‌ಗೆ ಮಾತ್ರ ಮೇಲಕ್ಕೆ ಸಮೀಪಿಸಬೇಕು: 105 ಮಿಮೀ ಅಗಲಕ್ಕೆ 300 ಡಿಪಿಐನಲ್ಲಿ (ಇಂಚಿಗೆ 300 ಪಿಕ್ಸೆಲ್) 1240.16, ಅಂದರೆ 1241.

ಎರಡನೇ ಶೀಟಿನ ಉತ್ತರವನ್ನು ನಕಲಿಸಲು, ಸಿ2 ಪಿಟಿ ಆಗಿದ್ದಾಗ, ಅಂಕಿಯ ಹಿಂದೆ ಏಕಕ ಅಂಟಿಸಿದ ಒಂದು ಪಠ್ಯ ಕಾಲಂ ಇರಲಿ: =ಫಿಕ್ಸೆಡ್(ಎಫ್2, 5, ಟ್ರೂ)&"ಪಿಟಿ". ಮೂರನೆಯ ಟ್ರೂ ಬಿಟ್ಟರೆ ಫಿಕ್ಸೆಡ್ ಸಾವಿರದ ಅಲ್ಪವಿರಾಮ ಸೇರಿಸುತ್ತದೆ. ಟೆಕ್‌ಗೆ ಅಲ್ಪವಿರಾಮವೂ ದಶಮಾಂಶ ಚಿಹ್ನೆಯೇ, ಆದ್ದರಿಂದ 1,234.50 ಕೊಟ್ಟರೆ 1.234 ತನಕ ಓದಿಕೊಂಡು, ಮುಂದಿನ ಚುಕ್ಕಿಯ ಜಾಗದಲ್ಲಿ ಏಕಕ ಹುಡುಕಿ, ಸಿಗಲಿಲ್ಲ ಎಂದು ನಿಲ್ಲುತ್ತದೆ. ಸಿಎಸ್‌ಎಸ್‌ಗೆ ಹೋಗುವ ಕಾಲಂನಲ್ಲಿ ದಶಮಾಂಶ ಚುಕ್ಕಿಯೇ ಆಗಬೇಕು. ಅಲ್ಪವಿರಾಮ ಕಂಡರೆ ಬ್ರೌಸರ್ ಆ ಇಡೀ ಘೋಷಣೆಯನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ.